ಎಲುಬಿನ ವಯಸ್ಸು

೪ ಫೆಬ್ರುವರಿ ೧೯೭೯, ಭಾನುವಾರ

ಬ್ಯಾಂಕಿನ ಡೈರಿ ಈ ವರ್ಷ ತಡವಾಗಿ ಬಂತು. ಮ್ಯಾನೇಜರ್ ಸಾಹೇಬರಿಗೆ ದೊಡ್ಡದು, ಕೌಂಟರಿನವರಿಗೆ ಚಿಕ್ಕದು. ಚಿಕ್ಕದೇ ನನಗೆ ಅನುಕೂಲ, ಅಂಗಿಯ ಕಿಸೆಯಲ್ಲಿ ಹಿಡಿಸುತ್ತದೆ.

ನಿನ್ನೆ ಸಂಜೆ ಅಕ್ಕನ ಮಗ ಬಾಳುವಿನ ಜೊತೆ ಪುಣೆಯ ಕ್ಯಾಂಪಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರು ಹಿಂದಿನಿಂದ ಬಂದು ಇಬ್ಬರಿಗೂ ಹಾಫ್ ಟಿಕೆಟ್ ಹರಿದರು. ನಾನು ತಿರುಗಿದಾಗ ಮೀಸೆ ಕಂಡು ಕ್ಷಮೆ ಕೇಳಿ ಒಂದನ್ನು ಬದಲಿಸಿಕೊಟ್ಟರು. ಬಾಳುವಿನದು ಹಾಫೇ ಉಳಿಯಿತು. ಅವನಿಗೆ ಹದಿನೈದು ನಡೆಯುತ್ತಿದೆ, ನೋಡಿದರೆ ಹತ್ತು ಅನ್ನಿಸುತ್ತದೆ. ಅವನು ಟಿಕೆಟನ್ನು ಸಣ್ಣಗೆ ಸುರುಳಿ ಸುತ್ತುತ್ತ ಕೂತ.

ಮನೆಯಲ್ಲಿ ಇದನ್ನು ನಾನೇ ನಗುತ್ತ ಹೇಳಿದೆ. ಅಕ್ಕ ನಗಲಿಲ್ಲ. ಇಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಭಾವನಿಗೆ ಹೇಳಿದಳು: "ಇನ್ನ ಕೂತು ನೋಡಿದ್ರ ಆಗೂದಿಲ್ಲ. ಇವನೂ ಮಾರ್ತಾಂಡನಂಗ ಆಗಿ ನಿಂತ್ರ ಏನ್ ಮಾಡ್ಲಿಕ್ಕಾಗ್ತದ?"

ಆ ಮಾರ್ತಾಂಡ, ಅಂದರೆ ನಾನು, ಪಕ್ಕದ ಮಣೆಯ ಮೇಲೆಯೇ ಇದ್ದೆ. ಅಕ್ಕ ಸಿಟ್ಟಿನಿಂದ ಹೇಳಿದ್ದಲ್ಲ, ದಾರಿ ಹೇಳುವಾಗ ಲೈಟಿನ ಕಂಬ ತೋರಿಸುವ ಹಾಗೆ ಹೇಳಿದಳು. ಅವಳ ಮಾತು ಸರಿಯೇ. ನನಗೆ ಮೂವತ್ತಾರು. ಕನ್ಯೆ ತೋರಿಸಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಚಹಾ ಕುಡಿದು, ನಾನು ಬೀಳ್ಕೊಡಲು ಎದ್ದು ನಿಂತ ಕೂಡಲೇ ಜಾತಕ ಕೂಡುವುದಿಲ್ಲ ಎನ್ನುತ್ತಾರೆ. "ಹೌದು, ಏನಾದ್ರೂ ಮಾಡಬೇಕು" ಎಂದು ನಾನೂ ತಲೆಯಾಡಿಸಿದೆ. ಭಾವನಿಗೆ ಟೆಲಿಫೋನ್ ಇಲಾಖೆಯಲ್ಲಿ ಪಾಳಿಯ ನೌಕರಿ, ರಜೆ ಸಿಗುವುದಿಲ್ಲ. ಡಾಕ್ಟರ ದವಾಖಾನೆ ನಮ್ಮ ಬ್ಯಾಂಕಿನ ಹಿಂದಿನ ಬೀದಿಯಲ್ಲೇ ಇದೆ. ಆದ್ದರಿಂದ ಬಾಳುವನ್ನು ಕರೆದೊಯ್ಯುವ ಕೆಲಸ ನನ್ನದು. ಅವನು ನನ್ನಂತೆ ಆಗದ ಹಾಗೆ ನಾನೇ ನೋಡಿಕೊಳ್ಳಬೇಕು.

೧೩ ಫೆಬ್ರುವರಿ, ಮಂಗಳವಾರ

ಅಕ್ಕನೂ ಬಂದಿದ್ದಳು. ಡಾಕ್ಟರ್ ಏಕನಾಥ ಸಹಸ್ರಬುದ್ಧೆ ತಮ್ಮದೇ ಬಾಗಿಲಲ್ಲಿ ಬಗ್ಗಿ ಒಳಗೆ ಬರುವಷ್ಟು ಎತ್ತರ. ಅಕ್ಕನಿಗೆ ಅಲ್ಲಿಗೇ ನಂಬಿಕೆ ಬಂತು. ಬಾಳುವಿನ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು ಮರಾಠಿಯಲ್ಲಿ ಹೇಳಿದರು: "ಹುಡುಗನಿಗೆ ಹದಿನೈದು. ಅವನ ಎಲುಬಿಗೆ ಇನ್ನೂ ಹನ್ನೆರಡು."

ಎಲುಬು ಮೂರು ವರ್ಷ ನಪಾಸಾದ ಹಾಗೆ ಅಕ್ಕನ ಮುಖ ಇಳಿಯಿತು. ಅದು ರೋಗವಲ್ಲ, ಬರೀ ತಡ, ಕಾದರೆ ತಾನಾಗಿ ಬೆಳೆಯುತ್ತಾನೆ ಎಂದರು ಡಾಕ್ಟರು. ಅಕ್ಕ ನನ್ನ ಕಡೆ ಕೈ ಮಾಡಿ, "ಇವನಿಗೂ ತಡ ಅಂತನಽ ಅಂದಿದ್ರು. ಇವನ ಗಾಡಿ ಬರ್ಲೇ ಇಲ್ಲ ಅಂತ ಹೇಳು" ಎಂದಳು. ನಾನು ಮರಾಠಿಯಲ್ಲಿ ಹೇಳಿದೆ. ಡಾಕ್ಟರು ಕುತೂಹಲದಿಂದ ನನ್ನ ಮಣಿಕಟ್ಟನ್ನೂ ಒತ್ತಿ ನೋಡಿದರು. ನಾನು ಬರೀ ಜೊತೆಗೆ ಬಂದವನು ಎಂದು ತಿಳಿಸಿದೆ.

ಅಕ್ಕ ಬಿಡಲಿಲ್ಲ. ಪರದೇಶದಲ್ಲಿ ಎತ್ತರದ ಹಾರ್ಮೋನು ಸಿಗುತ್ತದಂತಲ್ಲ ಎಂದಳು. ಸಿಗುತ್ತದೆ, ಸತ್ತವರ ಮಿದುಳಿನ ಕೆಳಗಿರುವ ಬಟಾಣಿಯಷ್ಟು ಗ್ರಂಥಿಯಿಂದ ಅದನ್ನು ತೆಗೆಯುತ್ತಾರೆ, ಇಲ್ಲಿಗೆ ಬರುವುದು ಕಷ್ಟ, ಬಂದರೂ ಇವನಿಗೆ ಬೇಕಾಗಿಲ್ಲ ಎಂದರು ಡಾಕ್ಟರು. ಅಕ್ಕ ನನ್ನ ಕಿವಿಯಲ್ಲಿ, "ಆ ಸತ್ತವರು ಎತ್ತರ ಇದ್ರೇನಂತ ಕೇಳು" ಎಂದಳು. ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಕೊನೆಗೆ ಒಪ್ಪಂದವಾಯಿತು. ಗಂಡಸರ ಹಾರ್ಮೋನಿನ ಇಂಜೆಕ್ಷನ್, ತಿಂಗಳಿಗೊಂದು, ನಾಲ್ಕಾರು ತಿಂಗಳು. ಅದರಿಂದ ಎಲುಬಿಗೆ ಏನೋ ಅವಸರ ಆಗಬಹುದು ಎಂದು ಡಾಕ್ಟರು ಹೇಳುತ್ತಿದ್ದರು. ಅಕ್ಕ ಆಗಲೇ ಪಂಚಾಂಗ ನೋಡಿ ಮಂಗಳವಾರ ನಡೆಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದಳು.

೨೦ ಫೆಬ್ರುವರಿ, ಮಂಗಳವಾರ

ಮೊದಲನೆಯ ಇಂಜೆಕ್ಷನ್. ಬಾಳು ಅಳಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ಮೊಟ್ಟೆ ತಿನ್ನಿಸಿ ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿಗೇ ಚಾತುರ್ಮಾಸದ ನಿಯಮವಿದೆ. ಅಕ್ಕ ದೇವರಮನೆಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬಂದು, ಮನೆಯ ಹೊರಗೆ ತಿಂದರೆ ಅದು ಔಷಧ ಎಂದು ತೀರ್ಮಾನಿಸಿದಳು. ಹಾಗಾಗಿ ಕ್ಯಾಂಪಿನ ಇರಾನಿ ಹೋಟೆಲಿನಲ್ಲಿ ಆಮ್ಲೆಟ್. ಹುಡುಗ ಒಬ್ಬನೇ ತಿನ್ನಲು ನಾಚಿದ. ಅವನಿಗೆ ಸಂಕೋಚವಾಗಬಾರದೆಂದು ನಾನೂ ಒಂದು ತರಿಸಿಕೊಂಡೆ. ಆಮೇಲೆ ಅವನಿಗೆ ಸಂಕೋಚ ಹೋದ ಮೇಲೂ ಇನ್ನೊಂದು ತರಿಸಿಕೊಂಡೆ.

೧೫ ಮಾರ್ಚ್, ಗುರುವಾರ

ಬಾಳು ಬಾಗಿಲ ಚೌಕಟ್ಟಿಗೆ ಜೋತುಬೀಳಬೇಕೆಂದು ಅಕ್ಕನ ಅಪ್ಪಣೆ. ಅವನು ಶಾಲೆಗೆ ಹೋದ ಮೇಲೆ ನಾನೂ ಜೋತುಬಿದ್ದು ನೋಡಿದೆ. ಭಾವ ಪಾಳಿ ಮುಗಿಸಿ ಬಂದವರು ಪೇಪರು ಓದುತ್ತ ನನ್ನನ್ನು ಪರದೆಯ ಹಾಗೆ ಪಕ್ಕಕ್ಕೆ ಸರಿಸಿ ಹಾದುಹೋದರು.

೧೨ ಏಪ್ರಿಲ್, ಗುರುವಾರ

ಬೆಳಿಗ್ಗೆ ಬಚ್ಚಲುಮನೆಯಿಂದ ಯಾವನೋ ಗಂಡಸು "ಟಾವೆಲ್ ಕೊಡು" ಎಂದ. ಅಕ್ಕ ಇಕ್ಕಳ ಹಿಡಿದು ಓಡಿಬಂದಳು.

"ಯಾರದು ಒಳಗ?"

"ನಾನವ್ವ."

"ನಾ ಅಂದ್ರ ಯಾರು?"

ಬಾಗಿಲು ತೆರೆಯಿತು. ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ಬಾಳು ನಿಂತಿದ್ದ. ಅದೇ ಬಾಳು, ಅದೇ ತೋಳು, ಅದೇ ಎದೆಗೂಡು. ಬಾಯಿ ತೆರೆದರೆ ಮಾತ್ರ ರೇಡಿಯೋದ ವಾರ್ತೆ ಓದುವ ಹಿರಿಯರು ಒಳಗೆಲ್ಲೋ ಕೂತ ಹಾಗಿತ್ತು. ಅವನಿಂದ ಎರಡು ಸಾಲು ರಾಘವೇಂದ್ರ ಸ್ತೋತ್ರ ಹೇಳಿಸಿದೆವು. ಗೋಡೆಯ ಮಾಡಿನ ಹಿತ್ತಾಳೆಯ ತಾಟುಗಳು ಸಣ್ಣಗೆ ಗುಂಯ್ ಎಂದವು.

ಅಕ್ಕ ನಾವು ಬಾಡಿಗೆಗಿರುವ ವಾಡೆಯ ಎಲ್ಲ ಮನೆಗಳಿಗೂ ಪೇಢೆ ಹಂಚಿ "ಬಾಳುಗ ಧ್ವನಿ ಬಂತು" ಎಂದಳು. ಅವನು ಗಾಯನ ಸ್ಪರ್ಧೆಯಲ್ಲಿ ಗೆದ್ದನೆಂದು ಕೆಳಗಿನ ಮನೆಯವರು ತಿಳಿದುಕೊಂಡಿದ್ದಾರೆ.

೨೯ ಏಪ್ರಿಲ್, ಭಾನುವಾರ

ಅಕ್ಕ ಬೆಳಗಾವಿಗೆ ನನ್ನ ಜಾತಕ ಕಳಿಸಿದ್ದಳಂತೆ. ಕನ್ಯೆಯ ಹೆಸರು ಇಂದೂ, ಶಾಲೆಯ ಮಾಸ್ತರಿಣಿ. ತಂದೆ ನಿವೃತ್ತ ಪೋಸ್ಟ್ ಮಾಸ್ತರು. ಜಾತಕದಲ್ಲಿ ಎತ್ತರ ಬರೆದಿರುವುದಿಲ್ಲ.

ಇಂದು ನಾನು ಸ್ನಾನಕ್ಕೆ ಹೋದಾಗ ಆ ಪೋಸ್ಟ್ ಮಾಸ್ತರು ಟ್ರಂಕ್ ಕಾಲ್ ಮಾಡಿದರು. ಫೋನು ಎತ್ತಿದವನು ಬಾಳು. "ಮಾರ್ತಾಂಡರಾವ್ ಏನ್ರಿ?" ಎಂದು ಕೇಳಿದ್ದಕ್ಕೆ ಇವನು "ಹೌದ್ರಿ" ಎಂದುಬಿಟ್ಟ. ಆಮೇಲೆ ಆ ಕಡೆಯ ಮಾತು ನಿಲ್ಲಲೇ ಇಲ್ಲವಂತೆ. ಇಂಥ ಧ್ವನಿಯವರು ಈಗ ಸಿಗುವುದಿಲ್ಲ, ನಮ್ಮ ಹುಡುಗಿ ಸ್ವಲ್ಪ ಎತ್ತರ, ಅವಳಿಗೆ ತಕ್ಕ ಆಳೇ ಇರಬೇಕು ನೀವು ಎಂದರಂತೆ.

ನಾನು ಒದ್ದೆ ಮೈಯಲ್ಲೇ ನಿಂತು ಕೇಳಿದೆ: "ಹೌದು ಅಂತ ಯಾಕ ಅಂದಿ?"

ಬಾಳು ತಲೆ ತಗ್ಗಿಸಿ, ಆ ತುಂಬು ಸ್ವರದಲ್ಲಿ, "ನನಗ ಇಷ್ಟ ದಿನ ಯಾರೂ 'ರೀ' ಹಚ್ಚಿ ಮಾತಾಡಿಸಿದ್ದಿಲ್ಲ ಮಾಮಾ" ಎಂದ.

ಬೈಯಲಾಗಲಿಲ್ಲ. ಅಕ್ಕನಿಗೆ ಇದರಲ್ಲಿ ದೇವರ ಕೈ ಕಂಡಿದೆ. ಭಾವ ಲೈನು ಸ್ವಚ್ಛವಾಗಿತ್ತೇ ಎಂದಷ್ಟೇ ಕೇಳಿದರು.

೮ ಮೇ, ಮಂಗಳವಾರ

ಪೋಸ್ಟ್ ಮಾಸ್ತರು ಮತ್ತೆ ಮತ್ತೆ ಫೋನು ಮಾಡುತ್ತಿದ್ದಾರೆ. ಬಾಳು ಮಾತಾಡುತ್ತಾನೆ, ನಾನು ಪಕ್ಕದಲ್ಲಿ ಕೂತು ನನ್ನ ಅಭಿಪ್ರಾಯ ಏನೆಂದು ಕೇಳಿಸಿಕೊಳ್ಳುತ್ತೇನೆ. ಅವರಿಗೆ ಪಿನ್‌ಕೋಡ್ ಕಂಡರೆ ಆಗದು. ಊರಿಗೆ ಒಂದು ಹೆಸರು ಇರುವಾಗ ಅಂಕಿ ಯಾಕೆ ಎಂಬುದು ಅವರ ವಾದ. ಒಂದೇ ಹೆಸರಿನ ಹತ್ತು ಊರುಗಳಿದ್ದರೆ ಏನು ಮಾಡುತ್ತೀರಿ ಎಂಬುದು ಬಾಳುವಿನ, ಅಂದರೆ ನನ್ನ, ವಾದ. ಎಲ್ಲದಕ್ಕೂ ಹೌದು ಹೌದು ಎನ್ನುವ ಅಳಿಯ ಬೇಡ, ಹೀಗೆ ಎದುರು ನಿಲ್ಲುವವನು ಬೇಕು ಎಂದರಂತೆ. ನನಗೆ ಪಿನ್‌ಕೋಡ್ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಈಗ ಇದೆ.

ಗೋಡೆಯ ಮೇಲೆ ಅಕ್ಕ ಎಳೆಯುವ ಪೆನ್ಸಿಲ್ ಗೆರೆ ಮೂರು ಬೆರಳು ಏರಿದೆ. ಬಾಳುವಿಗೆ ಮೀಸೆ ಚಿಗುರಿದೆ, ಗಲ್ಲದ ತುಂಬ ಮೊಡವೆ, ಸಿಟ್ಟು ಬೇರೆ. ನಿನ್ನೆ ಬಕೆಟ್ಟಿಗೆ ಒದ್ದು ಕಾಲು ನೋಯಿಸಿಕೊಂಡ. ಅಕ್ಕ ಕಾಲಿಗೆ ಎಣ್ಣೆ ಹಚ್ಚುತ್ತ ಸಂತೋಷದಿಂದ, "ಔಷಧ ಹತ್ತಿತು" ಎಂದಳು.

೧೭ ಮೇ, ಗುರುವಾರ

ಭಾನುವಾರ ಅವರು ಬರುತ್ತಾರೆ. ತಪ್ಪಿಸಲು ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. ನನ್ನ ಧ್ವನಿ ತೆಳು, ಒಂದು ಮಾತಿಗೇ ಗುರುತು ಹತ್ತುತ್ತದೆ. ಆದ್ದರಿಂದ ನನಗೆ ಗಂಟಲುನೋವು. ಕೊರಳಿಗೆ ಮಫ್ಲರು. ಕುರ್ಚಿ ಬಿಟ್ಟು ಏಳಕೂಡದು. ಬಾಳು ಬಾಯಿ ತೆರೆದರೂ ಗುರುತು ಹತ್ತುತ್ತದೆ, ಆದ್ದರಿಂದ ಅವನೂ ಮಾತಾಡಕೂಡದು.

ಇದನ್ನು ಕೇಳಿ ಬಾಳು ಅತ್ತ. "ಮೊದಲ ಮೈ ಸಣ್ಣದಾತು ಅಂದ್ರಿ. ಈಗ ಧ್ವನಿ ದೊಡ್ಡದಾತು ಅಂತೀರಿ. ನಾ ಎಲ್ಲೆ ಹೋಗ್ಲಿ?" ಆ ಸ್ವರದಲ್ಲಿ ಅಳು ಎಂದರೆ ಇಡೀ ವಾಡೆಗೆ ಕೇಳುತ್ತದೆ. ಕೆಳಗಿನ ಮನೆಯವರು ಮೇಲೆ ಬಂದು, ಯಾರು ಹೋದರು ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಭಾವ ಎದೆ ಮುಟ್ಟಿ ನೋಡಿಕೊಂಡು, ನಾನು ಇದ್ದೇನೆ ಎಂದರು.

ನಾನು ಬಾಳುವನ್ನು ಸಾರಸಬಾಗ್ ತೋಟದವರೆಗೆ ನಡೆಸಿಕೊಂಡು ಹೋಗಿ ಕಡಲೆಕಾಯಿ ಕೊಡಿಸಿದೆ. ಹೋಗುವಾಗಲೂ ಬರುವಾಗಲೂ ಇಬ್ಬರೂ ಮಾತಾಡಲಿಲ್ಲ. ಭಾನುವಾರದ ತಾಲೀಮು ಆದಂತಾಯಿತು.

೨೦ ಮೇ, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅವರು ಹತ್ತು ಗಂಟೆಗೆ ಬಂದರು. ಪೋಸ್ಟ್ ಮಾಸ್ತರು ಎತ್ತರ. ಅವರ ಮಗಳು ಇಂದೂ ಅವರಿಗಿಂತ ಎತ್ತರ, ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ಬಂದರು. ನಾನು ಮೇ ತಿಂಗಳ ಸೆಕೆಯಲ್ಲಿ ಉಣ್ಣೆಯ ಮಫ್ಲರು ಸುತ್ತಿಕೊಂಡು, ಎರಡು ಗಾದಿ ಮಡಚಿ ಹಾಕಿದ ಕುರ್ಚಿಯ ಮೇಲೆ ಕೂತಿದ್ದೆ. ಪಕ್ಕದ ಸ್ಟೂಲಿನ ಮೇಲೆ ಬಾಳು, ಅಕ್ಕ ಚಿಗುರುಮೀಸೆ ತೆಗೆಸಿ ಮೊಡವೆಗೆ ಪೌಡರು ಮೆತ್ತಿದ ಮುಖದಲ್ಲಿ ತುಟಿ ಬಿಗಿದುಕೊಂಡು.

"ಗಂಟಲಿಗೆ ಬಿದ್ದದ್ರಿ. ಡಾಕ್ಟರು ಒಂದು ಮಾತೂ ಆಡಬ್ಯಾಡ ಅಂದಾರ" ಎಂದಳು ಅಕ್ಕ.

"ಅಯ್ಯೋ ಪಾಪ. ಆ ಧ್ವನಿ ಜ್ವಾಕಿ ಮಾಡ್ಬೇಕ್ರಿ" ಎಂದು ಪೋಸ್ಟ್ ಮಾಸ್ತರು ನನ್ನ ಮೊಣಕಾಲು ಸವರಿದರು. "ಏಳಬ್ಯಾಡ್ರಿ, ಏಳಬ್ಯಾಡ್ರಿ." ಆಮೇಲೆ ಅವರೇ ಮಾತಾಡಿದರು. ನಾನು ತಲೆಯಾಡಿಸಿದೆ. ಅವರಿಗೆ ಸುಖವಾಗಲಿಲ್ಲ. ಫೋನಿನಲ್ಲಿ ಎದುರು ನಿಲ್ಲುತ್ತಿದ್ದವನು ಎದುರಿಗೆ ಕೂತಾಗ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದನಲ್ಲ. ಬೇಸರ ಕಳೆಯಲು ಅವರು ಬಾಳುವಿನ ಕಡೆ ತಿರುಗಿ, ಕಿಸೆಯಿಂದ ಪೆಪ್ಪರಮೆಂಟ್ ತೆಗೆದು, ಗಲ್ಲ ಹಿಂಡಿ ಕೇಳಿದರು: "ಏನೋ ಪುಟ್ಯಾ, ಸಾಲಿಗೆ ಹೋಗ್ತಿಯೇನು? ಎ ಬಿ ಸಿ ಬರ್ತದೇನು?"

ಬಾಳು ನನ್ನನ್ನು ನೋಡಿದ. ಅಕ್ಕನನ್ನು ನೋಡಿದ. ಪೆಪ್ಪರಮೆಂಟ್ ನೋಡಿದ.

"ಈಗ ಹತ್ತನೇದಕ್ಕ ಹೋಗ್ತೀನ್ರಿ" ಎಂದ.

ತಾಟುಗಳು ಗುಂಯ್ ಎಂದವು. ಪೋಸ್ಟ್ ಮಾಸ್ತರ ಕೈ ಹುಡುಗನ ಗಲ್ಲದ ಮೇಲೆಯೇ ಉಳಿಯಿತು. ಬಹಳ ಹೊತ್ತಿನ ಮೇಲೆ ಅವರು ಕೈ ತೆಗೆದು, ಸೆಟೆದು ಕೂತು, "ಮಾರ್ತಾಂಡರಾವ್ ಏನ್ರಿ?" ಎಂದು ಅವನನ್ನೇ ಕೇಳಿದರು.

ಇಂದೂ ನಗತೊಡಗಿದರು. ಬಾಯಲ್ಲಿ ಅವಲಕ್ಕಿ ಇತ್ತು, ಅದು ಅಡ್ಡ ಹೋಗಿ ಕೆಮ್ಮು ಬಂದು ಕಣ್ಣಲ್ಲಿ ನೀರು. ಯಾರೂ ಅಲುಗಾಡುತ್ತಿಲ್ಲ. "ನೀರು ಕೊಡ್ರಿ ಅವರಿಗೆ" ಎಂದು ನನ್ನ ಧ್ವನಿಯಲ್ಲೇ ಹೇಳಿ, ನಾನೇ ಗಾದಿಯಿಂದ ಇಳಿದು ತಂಬಿಗೆ ತಂದೆ. ಅವರು ತೆಗೆದುಕೊಳ್ಳಲು ಎದ್ದು ನಿಂತರು. ಅವರ ಭುಜ ಎಲ್ಲಿದೆಯೋ ನನ್ನ ತಲೆ ಅಲ್ಲಿಗೆ ಮುಗಿಯುತ್ತದೆ. ನೀರು ಕುಡಿದು, ನನ್ನನ್ನು ನೋಡಿ, "ಮಫ್ಲರ್ ತೆಗೀರಿ. ಸೆಕಿ ಭಾಳ ಅದ" ಎಂದರು.

ತೆಗೆದೆ.

ಆಮೇಲೆ ಅಕ್ಕ ಎಲ್ಲವನ್ನೂ ಹೇಳಬೇಕಾಯಿತು, ಇಂಜೆಕ್ಷನ್ನಿನ ಸಹಿತ. ಇಂದೂ ಬಾಳುವನ್ನು ನೋಡುತ್ತ ಹೇಳಿದರು: "ನಮ್ಮನ್ಯಾಗ ನನಗ ಹನ್ನೆರಡರಾಗ ಹಾಲು ಬಂದ್ ಮಾಡಿದ್ರು, ಇನ್ನ ಬೆಳೀಬಾರದಂತ. ಮಜ್ಜಿಗಿನೂ ಇಲ್ಲ. ಬೆಕ್ಕಿಗೆ ಹಾಕ್ತಿದ್ರು, ನನಗಿಲ್ಲ." ಪೋಸ್ಟ್ ಮಾಸ್ತರು ತಿರುಗುವ ಫ್ಯಾನು ನೋಡಿದರು.

ಕೊನೆಗೆ ಪೋಸ್ಟ್ ಮಾಸ್ತರು ಜಾತಕ ಕೂಡುವುದಿಲ್ಲ ಎಂದು ಹೇಳಿ ಹೊರಟರು. ಬಾಗಿಲಲ್ಲಿ ಬಾಳುವಿಗೆ "ಬರ್ತೀನ್ರಿ" ಎಂದು, ಅವನನ್ನು ಮೇಲಿಂದ ಕೆಳಗೆ ನೋಡಿ "ಬರ್ತೀನೋ" ಎಂದು ತಿದ್ದಿಕೊಂಡು, ಮೆಟ್ಟಿಲಲ್ಲಿ ಮತ್ತೆ ತಿರುಗಿ "ಬರ್ತೀನ್ರಿ" ಎಂದರು.

೨೧ ಮೇ, ಸೋಮವಾರ

ನಿಜವಾಗಿಯೂ ಗಂಟಲುನೋವು.

೨೭ ಮೇ, ಭಾನುವಾರ

ಬೆಳಗಾವಿಯಿಂದ ಟ್ರಂಕ್ ಕಾಲ್. ಅಕ್ಕ ಓಡಿಹೋಗಿ ಎತ್ತಿದಳು. ಪೋಸ್ಟ್ ಮಾಸ್ತರು ಬಾಳುವನ್ನು ಕರೆಯಿರಿ ಎಂದರು. ಪಿನ್‌ಕೋಡಿಗೆ ಅವರಿಗೊಂದು ಹೊಸ ಆಕ್ಷೇಪ ಹೊಳೆದಿತ್ತು. ಬಾಳು ಸ್ಟೂಲಿನ ಮೇಲೆ ಕಾಲು ಆಡಿಸುತ್ತ ವಾದ ಮಾಡಿದ. ಸಂಬಂಧ ಮುರಿದ ಮೇಲೂ ಯಾಕೆ ಫೋನು ಮಾಡುತ್ತಾರೆ ಎಂದು ಅಕ್ಕನಿಗೆ ತಿಳಿಯಲಿಲ್ಲ. ಭಾವ, "ಅದು ಅವರ ಖರ್ಚು" ಎಂದರು.

ಕೊನೆಗೆ ಬಾಳು ರಿಸೀವರನ್ನು ನನ್ನ ಕೈಗೆ ಕೊಟ್ಟ. ಆ ಕಡೆ ಇಂದೂ ಇದ್ದರು.

"ಗಂಟಲು ಹೆಂಗದ್ರಿ?"

"ಆರಾಮ್ ಅದ್ರಿ."

"ಖರೇನಽ ಬಂದಿತ್ತೇನು?"

"ಮರುದಿವಸ ಬಂತ್ರಿ."

ಅವರು ನಕ್ಕರು. ಪುಣೆಯ ಕನ್ನಡ ಶಾಲೆಯಲ್ಲಿ ಒಂದು ಜಾಗ ಖಾಲಿ ಇದೆ, ಅರ್ಜಿ ಹಾಕಿದ್ದಾರಂತೆ. ಶಾಲೆ ಎಲ್ಲಿ ಬರುತ್ತದೆ, ಬಸ್ಸು ಯಾವುದು, ಮಕ್ಕಳು ಮನೆಯಲ್ಲಿ ಯಾವ ಮಾತು ಆಡುತ್ತಾರೆ ಎಂದು ಕೇಳಿದರು. ನಾನು ಹೇಳಿದೆ. ನೋಡಿಕೊಂಡು ಬರುತ್ತೇನೆ ಎಂದೂ ಹೇಳಿದೆ. ಮಾತು ಮುಗಿಸಿ ಇಟ್ಟಾಗ ಸಾರು ತಣ್ಣಗಾಗಿತ್ತು.

೧೨ ಜೂನ್, ಮಂಗಳವಾರ

ಬೆಳಿಗ್ಗೆ ಮಳೆ. ಬಾಳು ಮತ್ತು ನಾನು ಒಂದೇ ಕೊಡೆಯಲ್ಲಿ ದವಾಖಾನೆಗೆ ಹೋದೆವು. ಡಾಕ್ಟರು ಇಂಜೆಕ್ಷನ್ ಕೊಡುವ ಮೊದಲು ಮಣಿಕಟ್ಟಿನ ಹೊಸ ಎಕ್ಸ್‌ರೇ ತೆಗೆಸಿದರು. ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

ಎಲುಬು ಓಡುತ್ತಿದೆ ಎಂದರು. ನಿಧಾನವಾಗಿ ಬರಬೇಕಾದ ಎತ್ತರವನ್ನು ಅದು ಈಗಲೇ ಎಳೆದುಕೊಳ್ಳುತ್ತಿದೆ. ಹೀಗೇ ಮುಂದುವರಿದರೆ ಎಲುಬಿನ ತುದಿಗಳು ಬೇಗ ಕೂಡಿಕೊಂಡುಬಿಡುತ್ತವೆ, ಆಮೇಲೆ ಬೆಳೆಯುವ ಜಾಗವೇ ಇರುವುದಿಲ್ಲ. ಈಗ ನಿಲ್ಲಿಸಿದರೆ ಉಳಿದದ್ದು ತನ್ನ ಪಾಡಿಗೆ ತಾನು ಬರಬಹುದು. ಎಷ್ಟು ಬರುತ್ತದೆ ಎಂದು ಕೇಳಿದೆ. ಅವರಿಗೂ ಗೊತ್ತಿಲ್ಲ. ಫೆಬ್ರುವರಿಯಲ್ಲೇ ಇದನ್ನು ಹೇಳಿದ್ದೆ, ಆಗ ನಿಮ್ಮ ಅಕ್ಕ ಪಂಚಾಂಗ ನೋಡುತ್ತಿದ್ದರು ಎಂದರು.

ನಾನು ಬಾಳುವನ್ನು ಕೇಳಿದೆ, ನಿನಗೆ ಏನನ್ನಿಸುತ್ತದೆ ಎಂದು. ಇಷ್ಟು ದಿನ ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. "ಸಾಕು ಮಾಮಾ" ಎಂದ. "ರೊಕ್ಕದ್ದಲ್ಲ, ಸೂಜಿದ್ದಲ್ಲ. ಮುಂಜಾನೆ ಎದ್ದಾಗ ಇವತ್ತ ನಾ ಯಾರು ಅಂತ ತಿಳಿಯೂದಿಲ್ಲ." ಇಂಜೆಕ್ಷನ್ ತೆಗೆದುಕೊಳ್ಳದೆ ಬಂದೆವು. ಆಮ್ಲೆಟ್ ಮಾತ್ರ ತಿಂದೆವು.

ಮನೆಯಲ್ಲಿ ಹೇಳಿದೆ. ಅಕ್ಕ ಮೊದಲು ನಂಬಲಿಲ್ಲ, ಗೋಡೆಯ ಗೆರೆ ತೋರಿಸಿದಳು. "ಇಷ್ಟು ಏರ್ಯಾನ. ಈಗ ಬಿಡ್ರಿ ಅಂದ್ರ ಹೆಂಗ? ಇನ್ನೆರಡು ತಗೊಂಡ್ರ ಇನ್ನೆರಡು ಬೆರಳು ಬರ್ತದ."

"ಬರೂದಿಲ್ಲಕ್ಕ. ಬಾಗಲಾ ಮುಚ್ತದ."

"ಡಾಕ್ಟರಿಗೆ ಅಂಜಿಕಿ. ನಾ ಬ್ಯಾರೆ ಡಾಕ್ಟರ್ ನೋಡ್ತೀನಿ." ಅವಳ ಬೆರಳು ಗೆರೆಯ ಮೇಲೆಯೇ ಇತ್ತು. "ನಿನಗೇನು ತಿಳೀತದ ತಾಯಿ ಸಂಕಟ. ಅವ ನಿನ್ನಂಗ ಆಗಬೇಕೇನು?"

"ನನ್ನಂಗ ಆದ್ರ ಏನಾಗ್ತದ?" ಎಂದೆ.

ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಅಕ್ಕ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. "ಬ್ಯಾಂಕಿನಾಗ ನೌಕರಿ ಅದ. ಉಂಡದ್ದು ಸೇರ್ತದ. ಮಲಗಿದ್ರ ನಿದ್ದಿ ಬರ್ತದ. ನನಗೇನಾಗ್ಯದಕ್ಕ, ನೀನಽ ಹೇಳು."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ನಾ ಹಂಗಂದಿಲ್ಲೋ" ಎಂದಳು. ಅಂದಿದ್ದಳು, ಎಷ್ಟೋ ಸಲ. ಆದರೂ ಇರಲಿ ಎಂದೆ. ಕುಕ್ಕರ್ ಕೂಗಿತು, ಅವಳು ಒಳಗೆ ಹೋದಳು. ಅಲ್ಲಿಂದಲೇ, "ಡಾಕ್ಟರಿಗೆ ಇನ್ನ ಬರೂದಿಲ್ಲ ಅಂತ ತಿಳಿಸಿಬಿಡು" ಎಂದಳು. ಬಾಳು ರಬ್ಬರು ತಂದು ಗೋಡೆಯ ಗೆರೆಗಳನ್ನು ಅಳಿಸತೊಡಗಿದ. ಸುಣ್ಣವೂ ಕಿತ್ತು ಬಂತು. ಭಾವ, ಗೋಡೆ ಬಾಡಿಗೆಯದು, ನಿಧಾನ ಎಂದರು.

೧೪ ಜುಲೈ, ಶನಿವಾರ

ಅರ್ಧ ದಿನದ ಬ್ಯಾಂಕು. ಬಾಳುವನ್ನು ಕರೆದುಕೊಂಡು ಸ್ಟೇಶನ್ನಿಗೆ ಹೋದೆ. ಇಂದೂ ಸೋಮವಾರದ ಸಂದರ್ಶನಕ್ಕೆ ಬರುವವರಿದ್ದರು, ಪೋಸ್ಟ್ ಮಾಸ್ತರು ಜೊತೆಗೆ. ಮೀರಜಿನಲ್ಲಿ ಗಾಡಿ ಬದಲಿಸಿ ಬಂದು ಇಬ್ಬರೂ ದಣಿದಿದ್ದರು. ಪೋಸ್ಟ್ ಮಾಸ್ತರು ನನಗೆ ನಮಸ್ಕಾರ ಮಾಡಿ, ಬಾಳುವಿನ ಹೆಗಲ ಮೇಲೆ ಕೈ ಹಾಕಿ, "ಹೂಂ, ಈಗ ಹೇಳ್ರಿ" ಎಂದು ಮುಂದೆ ನಡೆದುಬಿಟ್ಟರು. ಇಬ್ಬರ ಸ್ವರಕ್ಕೆ ಹಮಾಲರು ದಾರಿ ಬಿಟ್ಟರು.

ಶಾಲೆಯನ್ನು ಎರಡು ಸಲ ನೋಡಿ ಬಂದಿದ್ದೆ. ಅಂಗಳ ಸಣ್ಣದು, ಒಂದು ಬೇವಿನ ಮರ ಇದೆ, ಮಕ್ಕಳು ಅರ್ಧ ಕನ್ನಡ ಅರ್ಧ ಮರಾಠಿ ಆಡುತ್ತವೆ ಎಂದು ಇಂದೂಗೆ ವರದಿ ಒಪ್ಪಿಸಿದೆ. ಅವರ ಚೀಲ ದೊಡ್ಡದಿತ್ತು. ಒಂದು ಹಿಡಿಕೆ ಅವರು ಹಿಡಿದರು, ಇನ್ನೊಂದು ನಾನು. ಅವರ ಕೈ ಮೇಲೆ, ನನ್ನದು ಕೆಳಗೆ. ಒಳಗಿದ್ದ ಪುಸ್ತಕ, ಬೆಳಗಾವಿ ಕುಂದಾದ ಡಬ್ಬಿ ಎಲ್ಲ ಜಾರಿ ನನ್ನ ಕಡೆಗೇ ಬಂದವು.

"ಭಾರ ಆಗ್ತದೇನ್ರಿ?" ಎಂದು ಕೇಳಿದರು.

"ಹೌದ್ರಿ, ಭಾಳ" ಎಂದೆ.

"ಬಿಡ್ರಿ ಹಂಗಾರ, ಹಮಾಲನ್ನ ಕರೀತೀನಿ."

"ಬ್ಯಾಡ್ರಿ" ಎಂದೆ. ಸೇತುವೆ ಹತ್ತಿ ಇಳಿದು ಹೊರಗೆ ಬರುವವರೆಗೂ ಇಬ್ಬರೂ ಹಿಡಿಕೆ ಬಿಡಲಿಲ್ಲ. ಬಲಗೈ ಇನ್ನೂ ಹಿಡಿದುಕೊಂಡಿದೆ. ಇದನ್ನು ಎಡಗೈಯಲ್ಲಿ ಬರೆದಿದ್ದೇನೆ, ಅಕ್ಷರ ಸೊಟ್ಟಗೆ ಬಂದಿದೆ.